ಅಡಿಕೆಗೆ ತಂಬಾಕಿನ ಮರೆ

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಕರ್ನಾಟಕದ ಬಸ್ಸುಗಳ ಸುತ್ತ ಕನ್ನಡ ಕೇಳುತ್ತದೆ, ಗೋಡೆಯ ಬುಡದಲ್ಲಿ ಕೆಂಪು ಉಗುಳು ಕಾಣುತ್ತದೆ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಆಗ ಪಾನ್ ಮಸಾಲಾ ಒಂದು ಪಾಕೀಟಿಗೆ, ತಂಬಾಕು ಇನ್ನೊಂದಕ್ಕೆ ಹೋಯಿತು. ಎರಡೂ ಗಿರಾಕಿಯ ಅಂಗೈಯಲ್ಲಿ ಮತ್ತೆ ಒಂದಾದವು.

ಆ ಅಂಗೈಯಲ್ಲಿ ಕ್ಯಾನ್ಸರ್ ತರುವುದು ಯಾವುದು? ಅಡಿಕೆಯ ಪರ ನಿಂತವರ ಸಿದ್ಧ ಉತ್ತರ: ತಂಬಾಕು, ಅಡಿಕೆ ನಿರಪರಾಧಿ. ಈ ವಾದ ಬಿದ್ದುಹೋಗಿ 20 ವರ್ಷ ದಾಟಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತೈವಾನಿನಲ್ಲಿ ಅಡಿಕೆಗೆ ತಂಬಾಕು ಬೆರೆಸುವ ರೂಢಿಯಿಲ್ಲ. ಧೂಮಪಾನದ ಲೆಕ್ಕ ಕಳೆದ ಮೇಲೂ ಅಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಉಳಿಯಿತು.

ಇನ್ನೂ ಸಂಶೋಧನೆ ಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅಣುಗಳಿಗೆ ವಿದ್ಯುದಂಶ ಕೊಟ್ಟು, ಅವುಗಳ ತೂಕದ ಮೇಲೆ ಗುರುತು ಹಿಡಿಯುತ್ತದೆ. ಮೂತ್ರದಲ್ಲಿ ಒಂದು ಗ್ರಾಮಿನ ಲಕ್ಷ ಕೋಟಿಯ ಕೆಲವೇ ಪಾಲಿದ್ದರೂ ಅದರ ಕಣ್ಣಿಗೆ ಬೀಳುತ್ತದೆ. ಎನ್‌ಎನ್‌ಎಎಲ್ ಎಂಬ ಅಣು ಸಿಕ್ಕರೆ ಮೂಲ ತಂಬಾಕು. ಅರೆಕೋಲಿನ್ ಸಿಕ್ಕರೆ ಅಡಿಕೆ. ಜಗಿಯುವವನು ಸುಳ್ಳು ಹೇಳಬಹುದು, ಮರೆಯಬಹುದು. ಮೂತ್ರಕ್ಕೆ ಆ ಅನುಕೂಲವಿಲ್ಲ. ಇಂಥ ಯಂತ್ರಗಳಿಗಾಗಿ ದೂರ ಹೋಗಬೇಕಿಲ್ಲ. ಪುಣೆಯದೇ ಪಾಷಾಣದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿವೆ.

ಆದರೆ ಯಂತ್ರ ಹೇಳುವುದು ಒಳಗೆ ಹೋದದ್ದೇನು ಎಂಬುದನ್ನಷ್ಟೇ. ರೋಗ ಯಾರಿಗೆ ಬಂತು ಎಂದು ತಿಳಿಯಲು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಶಾಂಘೈಯಲ್ಲಿ 1986ರಿಂದ 18 ಸಾವಿರಕ್ಕೂ ಹೆಚ್ಚು ಗಂಡಸರ ಮೂತ್ರ ತೆಗೆದಿಟ್ಟರು. ಬೂಷ್ಟು ಹಿಡಿದ ಕಾಳಿನ ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂಬುದಕ್ಕೆ 1992ರಲ್ಲಿ ಬಲವಾದ ಸಾಕ್ಷಿ ಸಿಕ್ಕಿದ್ದು ಹಾಗೆ. ಅಡಿಕೆ ಶುದ್ಧವೆಂಬ ನಂಬಿಕೆ ಗಟ್ಟಿಯಿದ್ದರೆ ಇಂಥ ಪರೀಕ್ಷೆಯನ್ನೇ ಕೇಳಬೇಕು, ಫಲ ಏನೇ ಬಂದರೂ ಒಪ್ಪುತ್ತೇವೆಂದು ಮೊದಲೇ ಬರೆದುಕೊಡಬೇಕು. ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಮಾಡುವುದು ಸಂಶೋಧನೆಯಲ್ಲ, ವಕೀಲಿಕೆ.

ಬೆಳೆಗಾರನ ಭಯ ಸುಳ್ಳಲ್ಲ. ತೋಟ ಹಾಕಿದವನು ಫಸಲಿಗೆ ಐದಾರು ವರ್ಷ ಕಾದಿರುತ್ತಾನೆ, ಸಾಲ ತಲೆಯ ಮೇಲಿರುತ್ತದೆ. ಬೇರೆ ಬೆಳೆಗೆ ಹೊರಳಲು ಅವನಿಗೆ ಹಣ ಕೊಡುವುದು ಸರ್ಕಾರದ ಕೆಲಸ. ಆದರೆ ಅವನ ಬೆನ್ನ ಹಿಂದೆ ಪಾನ್ ಮಸಾಲಾ ಉದ್ಯಮ ಅಡಗಿ ಕೂತಿದೆ. ಅಡಿಕೆಗೆ ತಂಬಾಕು ಮರೆ, ಉದ್ಯಮಕ್ಕೆ ರೈತ ಮರೆ.

ಸಂಶೋಧನೆ ನಡೆಯಲಿ. ಅದು ಮುಗಿಯಲೆಂದು ಎಚ್ಚರಿಕೆಯನ್ನು ಮುಂದೂಡಿದರೆ, ಆ ವಿಳಂಬದ ಬೆಲೆ ತೆರುವವನು ತೋಟದವನಲ್ಲ, ಕಾರ್ಖಾನೆಯವನಲ್ಲ. ಸ್ವಾರಗೇಟದಲ್ಲಿ ಊರಿನ ಬಸ್ಸಿಗೆ ಕಾಯುತ್ತಾ ಎರಡು ಪಾಕೀಟು ಹರಿಯುವ ಕೂಲಿಯವನು.