ಪೇಟೆಯ ಮಾತು: ಕೆಲಸದ ಹುಡುಗಿ ಯಾರ ಮುಂದೆ ಹೇಳಿಕೊಳ್ಳಬೇಕು?



ಮಡಗಾಂವ, ವಾಸ್ಕೋ, ಮಾಪ್ಸಾ, ಫೋಂಡಾ ಪೇಟೆಗಳಲ್ಲಿ ನಮ್ಮವರ ಬಟ್ಟೆ, ಪಾತ್ರೆ, ಚಿನ್ನ-ಬೆಳ್ಳಿ ಅಂಗಡಿಗಳು ಎಷ್ಟೋ ಇವೆ. ಹೆಚ್ಚಿನವುಗಳಲ್ಲಿ ಕೆಲಸಕ್ಕಿರುವವರು ನಾಲ್ಕು ಜನ, ಬಹಳವಾದರೆ ಎಂಟು ಜನ. ಗದಗ, ಕೊಪ್ಪಳ, ವಿಜಯಪುರ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಮನೆತನಗಳ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಅಂಥ ಒಬ್ಬ ಹುಡುಗಿಗೆ ಹಳೆಯ ಗುಮಾಸ್ತನಿಂದಲೋ, ಮಾಲೀಕರ ನೆಂಟನಿಂದಲೋ, ಸ್ವತಃ ಮಾಲೀಕನಿಂದಲೋ ಕಾಟ ಶುರುವಾದರೆ ಅವಳು ಯಾರ ಮುಂದೆ ಹೇಳಿಕೊಳ್ಳಬೇಕು? ಈ ಸಲ ಇದೊಂದೇ ವಿಷಯವನ್ನು ಎತ್ತಿಕೊಂಡಿದ್ದೇವೆ. ಕೆಲವರಿಗೆ ರುಚಿಸಲಿಕ್ಕಿಲ್ಲ.

ಸಾಮಾನ್ಯವಾಗಿ ಆಗುವುದು ಹೀಗೆ. ಹುಡುಗಿ ಎರಡು ದಿನ ಮಂಕಾಗಿರುತ್ತಾಳೆ, ಮೂರನೆಯ ದಿನ ಬರುವುದೇ ಇಲ್ಲ. ಅರ್ಧ ತಿಂಗಳ ಪಗಾರ ಬಾಕಿ ಇದ್ದರೂ ಕೇಳಲು ಬರುವುದಿಲ್ಲ. ‘ಊರಲ್ಲಿ ಮದುವೆ ಗೊತ್ತಾಗಿದೆಯಂತೆ’ ಎಂದು ಯಾರೋ ಹೇಳುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ದುಡಿದ ಹಣ ಬಿಟ್ಟು ಹೋಗುವಂಥ ಅವಸರ ಏನಿತ್ತು ಎಂದು ಗಲ್ಲಾದ ಮೇಲೆ ಕುಳಿತವರು ಕೇಳಿಕೊಳ್ಳುವುದಿಲ್ಲ. ನಲವತ್ತು ವರ್ಷ ಪೇಟೆಯಲ್ಲಿ ಕಳೆದ ನಮಗೆ ಇಂಥವು ನಾಲ್ಕಾರು ಗೊತ್ತು. ಹೆಸರು ಬೇಡ.

ಅವಳು ಬಾಯಿ ಬಿಡದಿರುವುದಕ್ಕೆ ಕಾರಣಗಳಿವೆ. ಮನೆಯಲ್ಲಿ ಹೇಳಿದರೆ ಅಣ್ಣ ಜಗಳಕ್ಕೆ ಬರುತ್ತಾನೆ, ಅಪ್ಪ ಕೆಲಸ ಬಿಡಿಸುತ್ತಾನೆ. ಅಂಗಡಿಯಲ್ಲಿ ಹೇಳಿದರೆ ಮಾಲೀಕರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಏನಪ್ಪಾ, ಹೌದೇನು?’ ಎಂದು ಎಲ್ಲರ ಮುಂದೆ ಕೇಳುತ್ತಾರೆ. ಅವನು ಇಲ್ಲ ಎನ್ನುತ್ತಾನೆ. ಚಹಾ ತರಿಸಿ ‘ಆಯಿತು, ಇನ್ನು ಸರಿಯಾಗಿರಿ’ ಎಂದು ಕಳಿಸುತ್ತಾರೆ. ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ. ಉಧಾರಿಯ ಜಗಳ ಹೀಗೆ ತೀರಿಸಬಹುದು, ಇದನ್ನಲ್ಲ.

ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ತೀರ್ಪಿನಲ್ಲಿ ಈ ಬಗ್ಗೆ ನಿಯಮಗಳನ್ನು ಹಾಕಿಕೊಟ್ಟಿತು. 2013ರಲ್ಲಿ ಕಾಯ್ದೆಯೇ ಬಂತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಮಾಲೀಕರು ಆಂತರಿಕ ಸಮಿತಿ ರಚಿಸಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಹೊರಗಿನ ಒಬ್ಬರು. ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ, ಮತ್ತೆ ಅದೇ ತಪ್ಪಾದರೆ ಇಮ್ಮಡಿ, ಲೈಸೆನ್ಸಿಗೂ ಸಂಚಕಾರ.

‘ನಮ್ಮಲ್ಲಿ ಹತ್ತು ಜನ ಇಲ್ಲ, ನಮಗೆ ಇದು ಬರುವುದಿಲ್ಲ’ ಎಂದು ನಮ್ಮವರು ನಿಶ್ಚಿಂತರಾಗಿದ್ದಾರೆ. ಅದು ಸರಿಯಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರಿಗೆ, ಹಾಗೂ ಮಾಲೀಕನ ಮೇಲೆಯೇ ದೂರು ಇರುವವರಿಗೆ, ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಮನೆಗೆಲಸದವಳೂ ಅಲ್ಲಿ ಹೋಗಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಸಮಿತಿಯವರೇ ನೆರವಾಗಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಅವಳಿಗೆ ರಜೆಯನ್ನೋ ಬೇರೆ ಕಡೆ ವರ್ಗವನ್ನೋ ಕೊಡಿಸುವ ಅಧಿಕಾರವೂ ಸಮಿತಿಗೆ ಇದೆ. ರಾಜಿ ಬೇಕೆಂದು ಅವಳೇ ಕೇಳಿದರೆ ಮಾತ್ರ ರಾಜಿ. ಹಣ ಕೊಟ್ಟು ಮಾಡುವ ರಾಜಿಗೆ ಅವಕಾಶವಿಲ್ಲ. ದೂರು ರುಜುವಾತಾಗಲಿಲ್ಲ ಎಂಬ ಮಾತ್ರಕ್ಕೆ ಅವಳನ್ನು ಸುಳ್ಳುಗಾರ್ತಿ ಎಂದು ಶಿಕ್ಷಿಸುವಂತಿಲ್ಲ.

ಗುಟ್ಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅವಳ ಹೆಸರು, ವಿಳಾಸ, ಸಾಕ್ಷಿಗಳ ಹೆಸರು, ವಿಚಾರಣೆಯ ಸಂಗತಿ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಸಿಗುವುದಿಲ್ಲ. ಆದರೆ ದೂರಿನ ಪ್ರತಿ ಎದುರಾಳಿಗೆ ಹೋಗುತ್ತದೆ, ಅವನು ಉತ್ತರ ಕೊಡಬೇಕಲ್ಲ! ಆದ್ದರಿಂದ ದೂರು ಬರೆಯುವ ಮೊದಲೇ ಅವಳಿಗೆ ಇನ್ನೊಂದು ಆಸರೆ ಬೇಕು. ಕೇಳಿಸಿಕೊಂಡು, ದಾರಿಗಳನ್ನು ಹೇಳಿ, ಅವಳು ‘ಹೂಂ’ ಎನ್ನುವವರೆಗೆ ಬಾಯಿ ಮುಚ್ಚಿಕೊಂಡಿರುವ ಒಬ್ಬರು. ನಮ್ಮ ಕಾಯ್ದೆಯಲ್ಲಿ ಅಂಥವರಿಗೆ ಪ್ರತ್ಯೇಕ ಸ್ಥಾನ ಇಲ್ಲ.

ನೆದರ್ಲೆಂಡ್ಸ್ ದೇಶದ ಬಹಳಷ್ಟು ಕಂಪನಿಗಳಲ್ಲಿ ಇಂಥವರನ್ನು ನೇಮಿಸಿರುತ್ತಾರೆ. ಅವರ ಭಾಷೆಯ ಹೆಸರನ್ನು ಕನ್ನಡಕ್ಕೆ ತಂದರೆ ‘ನಂಬಿಕೆಯ ವ್ಯಕ್ತಿ’ ಎಂದಾಗುತ್ತದೆ. ಇವರು ವಿಚಾರಣೆ ಮಾಡುವುದಿಲ್ಲ, ತೀರ್ಪು ಕೊಡುವುದಿಲ್ಲ. ಕೇಳಿಸಿಕೊಳ್ಳುತ್ತಾರೆ, ಜೊತೆಗೆ ನಿಲ್ಲುತ್ತಾರೆ. ಪಾಲನ್‌ಪುರದ ಜೈನರು ವಜ್ರದ ವ್ಯಾಪಾರಕ್ಕೆ ನೆಲೆಸಿರುವ ಆಂಟ್‌ವರ್ಪ್ ಬೆಲ್ಜಿಯಂನಲ್ಲಿದೆ. ಅಲ್ಲಂತೂ 50 ಮತ್ತು ಹೆಚ್ಚು ಜನರಿರುವ ಕಂಪನಿಗಳಿಗೆ 2023ರ ಡಿಸೆಂಬರಿನಿಂದ ಇದು ಕಡ್ಡಾಯ. ಅಲ್ಲಿ ಇದು ಗಂಡಸರಿಗೂ ಉಂಟು, ಬರೀ ಬೈಗುಳ, ಮೂದಲಿಕೆ, ಒಂಟಿ ಮಾಡುವುದಕ್ಕೂ ಅನ್ವಯಿಸುತ್ತದೆ. ನಮ್ಮ 2013ರ ಕಾಯ್ದೆ ಹೆಂಗಸರಿಗೆ ಮಾತ್ರ, ಲೈಂಗಿಕ ಕಿರುಕುಳಕ್ಕೆ ಮಾತ್ರ. ಗೋದಾಮಿನ ಹುಡುಗನನ್ನು ದಿನವೂ ಅವಮಾನ ಮಾಡಿದರೆ ಅವನಿಗೆ ಯಾವ ಸಮಿತಿಯೂ ಇಲ್ಲ. ಹೊಡೆತ, ಬೆದರಿಕೆಯವರೆಗೆ ಹೋದರೆ ಪೊಲೀಸ್ ಠಾಣೆ.

ಗುಟ್ಟಾಗಿಡುವುದೆಂದರೆ ಮುಚ್ಚಿಹಾಕುವುದಲ್ಲ, ಅವಸರದಲ್ಲಿ ಮುಗಿಸುವುದೂ ಅಲ್ಲ. ಗೋವಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ವಿದ್ಯಾರ್ಥಿನಿಯರು ಒಬ್ಬ ಅಧ್ಯಾಪಕರ ಮೇಲೆ ದೂರು ಕೊಟ್ಟರು. ಸಮಿತಿ ತರಾತುರಿಯಲ್ಲಿ ವಿಚಾರಣೆ ಮುಗಿಸಿತು, 2010ರಲ್ಲಿ ಅವರನ್ನು ವಜಾ ಮಾಡಲಾಯಿತು. ಸಮರ್ಥಿಸಿಕೊಳ್ಳಲು ಅವರಿಗೆ ಸರಿಯಾದ ಅವಕಾಶ ಸಿಗಲಿಲ್ಲವೆಂದು ಸುಪ್ರೀಂ ಕೋರ್ಟು 2023ರ ಮೇ 12ರಂದು ಆ ಆದೇಶವನ್ನು ರದ್ದು ಮಾಡಿ, ವಿಚಾರಣೆಯನ್ನು ನಡುವಿನಿಂದ ಮತ್ತೆ ನಡೆಸಲು ಹೇಳಿತು. ಹದಿನಾಲ್ಕು ವರ್ಷ! ದೂರು ಕೊಟ್ಟವರಿಗೂ ನ್ಯಾಯ ಸಿಗಲಿಲ್ಲ, ಅವರಿಗೂ ಇಲ್ಲ. ಇದೇ ಪ್ರಕರಣದಲ್ಲಿ ಕೋರ್ಟು 2024ರ ಡಿಸೆಂಬರಿನಲ್ಲಿ ದೇಶದ ಪ್ರತಿ ಜಿಲ್ಲೆಯಲ್ಲೂ ಅಧಿಕಾರಿಯನ್ನು ನೇಮಿಸಬೇಕು, ಸ್ಥಳೀಯ ಸಮಿತಿ ರಚಿಸಬೇಕು ಎಂದು ಗಡುವು ಹಾಕಿತು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೂ ಹೀಗೆ ಹೇಳಬೇಕಾಯಿತು ಎಂದರೆ ಸರ್ಕಾರಗಳ ಕೆಲಸ ಹೇಗಿದೆ ನೋಡಿ.

ಇನ್ನು ನಮ್ಮ ಅಂಗಡಿಗಳ ಮಾತು. ‘ನಮ್ಮ ಮನೆಯವರಿಗೇ ಹೇಳಲಿ, ಅವರು ತಾಯಿಯ ಹಾಗೆ ನೋಡಿಕೊಳ್ಳುತ್ತಾರೆ’ ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ದೂರು ಮೈದುನನ ಮೇಲೆ ಬಂದರೆ ಅತ್ತಿಗೆ ಏನು ಮಾಡಿಯಾಳು? ಆ ಭಾರವನ್ನು ಅವರ ಮೇಲೆ ಹಾಕುವುದೂ ತಪ್ಪು. ಒಂದೇ ಸಾಲಿನ ಏಳೆಂಟು ಅಂಗಡಿಯವರು ಸೇರಿ, ಯಾರಿಗೂ ನೆಂಟರಲ್ಲದ, ಕನ್ನಡ ಬಲ್ಲ ಒಬ್ಬ ನಿವೃತ್ತ ಶಿಕ್ಷಕಿಯನ್ನೋ ವಕೀಲೆಯನ್ನೋ ಕೇಳಿಕೊಳ್ಳಬಹುದು. ಕಷ್ಟ ಹೇಳಿಕೊಳ್ಳಬೇಕಾದಾಗ ಆ ಹುಡುಗಿಯರಿಗೆ ಬರುವುದು ಕನ್ನಡವೇ. ಕೊಂಕಣಿಯಲ್ಲಿ ಗಿರಾಕಿಗೆ ಸೀರೆ ತೋರಿಸುವುದು ಬೇರೆ.

ಗೋಡೆಗೆ ಒಂದು ಕಾಗದವನ್ನೂ ಅಂಟಿಸಿ. ಕಾಣುವ ಜಾಗದಲ್ಲಿ ಹಾಕಬೇಕೆಂದು ಕಾಯ್ದೆಯೇ ಹೇಳುತ್ತದೆ. ಕನ್ನಡದಲ್ಲಿ, ಕೊಂಕಣಿಯಲ್ಲಿ, ದೊಡ್ಡ ಅಕ್ಷರದಲ್ಲಿ ಆ ಬಾಯಿಯವರ ಹೆಸರು, ಫೋನ್ ನಂಬರು, ಸ್ಥಳೀಯ ಸಮಿತಿಯ ವಿಳಾಸ, 181 ಮಹಿಳಾ ಸಹಾಯವಾಣಿ ಬರೆಯಿಸಿ. ಸಮಿತಿಯ ವಿಳಾಸವನ್ನು ಪಣಜಿ ಅಥವಾ ಮಡಗಾಂವದ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕಾಗದವನ್ನು ಗಲ್ಲಾದ ಹಿಂದೆ ಹಚ್ಚಬೇಡಿ, ಮಾಲೀಕರ ಕಣ್ಣೆದುರು ನಿಂತು ಯಾರೂ ನಂಬರು ಬರೆದುಕೊಳ್ಳುವುದಿಲ್ಲ. ಹುಡುಗಿಯರು ಊಟದ ಡಬ್ಬಿ ಇಡುವ ಕೋಣೆಯಲ್ಲಿರಲಿ.