ಎಲ್ಲಾ ಕಪ್ಪೂ ಒಂದೇ ಅಲ್ಲ ಗುರೂ

ಹಳೇ ಕಾರಿನ ಬಾನೆಟ್ ಎತ್ತಿ, ಒಳಗೆಲ್ಲ ಕನ್ನಡಿ ಥರ ಮಿಂಚೋ ಕಪ್ಪು ಹೊಡೆದು, ಫೋಟೊ ಹಾಕಿ, 'ಫುಲ್ ರೆಸ್ಟೊರೇಶನ್' ಅಂತ ಬರೆಯುವ ಬೆಂಗಳೂರಿನ ಗೆಳೆಯರೇ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಯಾಕಂದ್ರೆ ನಾನೂ ಅದನ್ನೇ ಮಾಡಿದ್ದೆ.

ಅಪ್ಪನ ಪ್ರೀಮಿಯರ್ ಪದ್ಮಿನಿ ಇನ್ನೂ ಗಜೇಂದ್ರಗಡದ ಮನೆಯಲ್ಲೇ ಇದೆ. ಒಂದು ದೀಪಾವಳಿ ರಜೆಗೆ ಚೀಲದ ತುಂಬ ಸ್ಪ್ರೇ ಕ್ಯಾನ್ ಹೊತ್ತುಕೊಂಡು ಹೋದೆ. ಬ್ಯಾಟರಿ ಟ್ರೇ, ಬ್ರಾಕೆಟ್, ಫ್ಯಾನು, ಎಗ್ಸಾಸ್ಟ್ ಮ್ಯಾನಿಫೋಲ್ಡ್, ಎಲ್ಲಕ್ಕೂ ಒಂದೇ ಕಪ್ಪು. ಎರಡೇ ದಿನದ ಕೆಲಸ. ಅಪ್ಪ ನೋಡಿ, "ಮದಿವಿ ಗಾಡಿ ಆಗೇತಿ ಬಿಡಪಾ" ಅಂದ್ರು. ಹೊಗಳಿಕೆ ಅಂದ್ಕೊಂಡೆ.

ರೋಣಕ್ಕೆ ಹೋಗಿ ಬರುವಷ್ಟರಲ್ಲಿ ಮ್ಯಾನಿಫೋಲ್ಡಿನ ಬಣ್ಣ ಹೊಗೆಯಾಗಿ ಹೋಯ್ತು. ಅದು ಸಣ್ಣ ಅವಮಾನ. ದೊಡ್ಡದು ಮಳೆಗಾಲ ಮುಗಿದ ಮೇಲೆ. ನರಗುಂದದ ಕಡೆಯ ಎರಿ ಮಣ್ಣು ಗೊತ್ತಲ್ಲ, ಒದ್ದೆಯಾದ್ರೆ ಅಂಟಿನ ಹಾಗೆ ಹಿಡಿಯುತ್ತೆ, ದಿನಗಟ್ಟಲೆ ನೀರು ಬಿಡಲ್ಲ. ಟ್ರೇ ಮೇಲಿನ ಬಣ್ಣ ಹಪ್ಪಳದಂತೆ ಎದ್ದಿತ್ತು. ಬೆರಳಲ್ಲಿ ಒತ್ತಿದೆ, ತೂತು. ಆ ಗಾಡಿ ತಯಾರಿಕೆ ನಿಂತು ಎರಡು ದಶಕದ ಮೇಲಾಯ್ತು. ಟ್ರೇ ಎಲ್ಲಿಂದ ತರೋದು?

ರೋಣದ ಪೇಂಟರ್ ಕಾಕಾ ನೋಡಿದವರೇ, "ತಮ್ಮಾ, ತುಕ್ಕಿಗೆ ಕೌದಿ ಹೊಚ್ಚೀಯಲ್ಲೋ" ಅಂದ್ರು.

ಅಷ್ಟೇ ವಿಷಯ. ನಾವು ಡಬ್ಬಿಯ ಬ್ರ್ಯಾಂಡ್ ಬಗ್ಗೆ ರಾತ್ರಿಯೆಲ್ಲ ಜಗಳ ಆಡ್ತೀವಿ, ತಂತಿ ಬ್ರಷ್ ಮಾತ್ರ ಕೈಯಲ್ಲಿ ಹಿಡಿಯಲ್ಲ. ಎಣ್ಣೆ ಜಿಡ್ಡು, ಸಡಿಲ ತುಕ್ಕು ಹೋಗಿ ಲೋಹ ಕಾಣೋವರೆಗೆ ಉಜ್ಜಬೇಕು. ಅವತ್ತೇ ಪ್ರೈಮರ್ ಹಾಕಬೇಕು. ಬಣ್ಣ ಆಮೇಲಿನ ಮಾತು. ಅದೂ ಜಾಗ ನೋಡಿ. ಟ್ರೇಗೆ, ಬ್ರಾಕೆಟ್ಟಿಗೆ ಎಪಾಕ್ಸಿ ಪ್ರೈಮರ್. ಎಪಾಕ್ಸಿ ಬಿಸಿಲಿಗೆ ಸುಣ್ಣದ ಪುಡಿಯಂತಾಗುತ್ತೆ ನಿಜ, ಆದ್ರೆ ಬಾನೆಟ್ ಕೆಳಗೆ ಬಿಸಿಲೆಲ್ಲಿ? ಬ್ರೇಕ್ ಫ್ಲೂಯಿಡ್ ಡಬ್ಬಿಯ ಸುತ್ತ ಮಾಮೂಲಿ ಇನಾಮಲ್ ಹಚ್ಚಿದ್ರೆ, ಚೆಲ್ಲಿದ ನಾಲ್ಕು ಹನಿಯೇ ಅದನ್ನ ಸುಕ್ಕುಗಟ್ಟಿಸಿ ಕಿತ್ತು ಹಾಕುತ್ತೆ. ಅಲ್ಲಿ ಹಾರ್ಡನರ್ ಬೆರೆಸುವ ಪಿಯು ಬಣ್ಣ ಹೆಚ್ಚು ತಡೆಯುತ್ತೆ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತೆ, ಶ್ವಾಸಕೋಶಕ್ಕೆ ವಿಷ. ಕರವಸ್ತ್ರ ಕಟ್ಕೊಂಡು ಸ್ಪ್ರೇ ಮಾಡೋ ಶೂರರು ದಯವಿಟ್ಟು ದೂರ ಇರಿ.

'ಪೌಡರ್ ಕೋಟಿಂಗ್ ಮಾಡಿಸಿಬಿಡು, ತಲೆನೋವಿಲ್ಲ' ಅನ್ನೋರು ಇದ್ದಾರೆ. ಬಿಚ್ಚಿ ತೆಗೆದ ಸಣ್ಣ ಬ್ರಾಕೆಟ್ಟಿಗೆ ಸರಿ. ಆದ್ರೆ ಅದನ್ನ ಸುಮಾರು 180–200 ಡಿಗ್ರಿಯಲ್ಲಿ ಬೇಯಿಸ್ತಾರೆ, ರಬ್ಬರ್ ಬುಷ್ ಒಳಗೇ ಬಿಟ್ರೆ ಮುಗೀತು. ಆಮೇಲೆ ಒಂದು ಕಡೆ ಸ್ಪ್ಯಾನರ್ ತಾಗಿ ಚಕ್ಕೆ ಎದ್ರೆ, ನೀರು ಅದರಡಿ ಮೆಲ್ಲಗೆ ಹರೀತಾ ಹೋಗುತ್ತೆ, ಮೇಲೆ ಮಾತ್ರ ಥಳಥಳ. ಬ್ರಷ್ಷಿನಲ್ಲಿ ತೇಪೆ ಹಾಕಬಹುದಾದ ಬಣ್ಣವೇ ನಮ್ಮ ಕಡೆ ರಸ್ತೆಗೆ ಲಾಯಕ್ಕು.

ಮ್ಯಾನಿಫೋಲ್ಡಿಗೆ 600 ಡಿಗ್ರಿ ತಡೆಯುವ ಸಿಲಿಕೋನ್ ಬಣ್ಣ ಸಿಗುತ್ತೆ. ಹಂತಹಂತವಾಗಿ ಬಿಸಿ ಮಾಡಿ ಕಾಯಿಸದಿದ್ರೆ ಅದೂ ದಂಡ. ನಾನು ಬಳಿಯಲೇ ಇಲ್ಲ. ದಪ್ಪ ಎರಕದ ಕಬ್ಬಿಣ, ಮೇಲೆ ಕಂದು ತುಕ್ಕು ಬಂದ್ರೆ ಬರಲಿ, ಫೋಟೊಗೆ ಚೆಂದ ಕಾಣಲ್ಲ ಅಷ್ಟೇ.

ಟ್ರೇಯನ್ನ ರೋಣದಲ್ಲೇ ತಗಡು ಬಗ್ಗಿಸಿ ಹೊಸದಾಗಿ ಮಾಡಿಸಿದೆ. ಈ ಸಲ ಬಣ್ಣ ಹಚ್ಚಿದ್ದು ಕಾಕಾ. ಉಜ್ಜಿದ್ದು ನಾನು, ಎರಡು ಭಾನುವಾರ.