ಸರ್ಕಾರಿ ಆರೋಗ್ಯ ಸೇವೆ ಬದಲಿಸಿದ್ದೇನು, ಬಿಟ್ಟಿದ್ದೇನು?

ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೆರಿಗೆಯ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು.

ಸೂಲಗಿತ್ತಿಯರಿಗೆ ಕೈಗುಣ ಇರಲಿಲ್ಲ ಎಂದಲ್ಲ. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗದಿದ್ದರೆ ರಕ್ತ ನಿಲ್ಲುವುದಿಲ್ಲ; ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ತಕ್ಷಣ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ಗರ್ಭಕೋಶವನ್ನು ಕುಗ್ಗಿಸುತ್ತದೆ. ಆದರೆ ಆ ಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ತರಬೇತಿ ಪಡೆದವರು ಬೇಕು, ಅದೂ ಸಾಲದಿದ್ದರೆ ರಕ್ತ ಬೇಕು. ಇವು ಯಾವುವೂ ಮನೆಯ ಒಳಕೋಣೆಯಲ್ಲಿ ಸಿಗುವಂಥವಲ್ಲ.

2005ರ ಏಪ್ರಿಲ್‌ನಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹಿಡಿದದ್ದು ಈ ಎಳೆಯನ್ನೇ. ಊರಿನವಳೇ ಆದ ಆಶಾ ಕಾರ್ಯಕರ್ತೆ ಬಸುರಿಯ ಮನೆಗೆ ಬಂದು ವಿಚಾರಿಸತೊಡಗಿದಳು. ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಲ್ಲಿ ಬಡ ತಾಯಂದಿರಿಗೆ ಹಣ ಸಿಕ್ಕಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಬಂತು. ರಸ್ತೆ, ಹೆಣ್ಣುಮಕ್ಕಳ ಓದು ಇವುಗಳ ಪಾಲೂ ಇದೆ, ಎಲ್ಲ ಹೆಗ್ಗಳಿಕೆಯನ್ನೂ ಯೋಜನೆಗೇ ಕೊಡುವಂತಿಲ್ಲ. ಆದರೂ ರೋಗಿ ಬರಲಿ ಎಂದು ಕಾಯುತ್ತಿದ್ದ ವ್ಯವಸ್ಥೆ ತಾನೇ ಮನೆಬಾಗಿಲಿಗೆ ಹೋದದ್ದು ಸಣ್ಣ ಬದಲಾವಣೆಯಲ್ಲ. (ಹಾಗೆ ಹೋದ ಆಶಾಳಿಗೆ ಸಿಗುವುದು ಮಾತ್ರ ಇಂದಿಗೂ ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ.)

ಇನ್ನು ಕಾಸರಕೋಡಿನಲ್ಲಿ ನಿಂತು ನೋಡೋಣ. ಶರಾವತಿ ಸೇತುವೆ ದಾಟಿದರೆ ಹೊನ್ನಾವರದ ತಾಲ್ಲೂಕು ಆಸ್ಪತ್ರೆ, ಹೆರಿಗೆಗೆ ದೂರವೇನಲ್ಲ. ಆದರೆ ತಲೆಗೆ ಪೆಟ್ಟಾದರೆ? ಅದಕ್ಕೆ ಹಗಲುರಾತ್ರಿ ಸ್ಕ್ಯಾನ್, ನರಶಸ್ತ್ರತಜ್ಞರು, ತೀವ್ರ ನಿಗಾ ಘಟಕ ಎಲ್ಲವೂ ಒಂದೇ ಕಡೆ ಬೇಕು. ತಾಯಿ-ಮಗುವನ್ನು ಮುಂದಿಟ್ಟುಕೊಂಡು ಕೆಳಗಿನಿಂದ ಕಟ್ಟಿದ ಯೋಜನೆ ಅಷ್ಟು ಎತ್ತರಕ್ಕೆ ಬೆಳೆಯಲಿಲ್ಲ. ಹಾಗಾಗಿ ಈ ಕರಾವಳಿಯವರು ಜಿಲ್ಲೆಯ ಗಡಿ ದಾಟಿ ಮಣಿಪಾಲ, ಮಂಗಳೂರಿನ ದಾರಿ ಹಿಡಿಯುತ್ತಾರೆ.

ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲೇ ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತರು. ಆ ಕೂಗು ಮತ್ತೆ ಜೋರಾಯಿತು. ಮಣಿಪಾಲದ ದಾರಿ ಈಗಲೂ ನೂರು ಕಿಲೋಮೀಟರಿಗಿಂತ ಹೆಚ್ಚು.